ಕುದಿಸಿದರೂ ಹೋಗದ ನೀರಿನ ವಿಷ

‘ನೀರನ್ನು ಕುದಿಸಿ, ಆರಿಸಿ ಕುಡಿಯಿರಿ.’ ಮಳೆಗಾಲ ಬಂತೆಂದರೆ ವೈದ್ಯರೆಲ್ಲರೂ ಹೇಳುವ ಬುದ್ಧಿಮಾತಿದು. ಕಾಲರಾ, ವಿಷಮಶೀತ ಜ್ವರ, ಕಾಮಾಲೆ, ಆಮಶಂಕೆಗಳ ಮಟ್ಟಿಗೆ ಈ ಮಾತು ನೂರಕ್ಕೆ ನೂರು ಸತ್ಯ. ಈ ರೋಗಗಳನ್ನು ತರುವ ಸೂಕ್ಷ್ಮಜೀವಿಗಳು ಕುದಿಯುವ ನೀರಿನಲ್ಲಿ ಬದುಕಲಾರವು.

ಆದರೆ ನೀರಿನಲ್ಲಿ ಸೇರಿರುವುದು ಜೀವಿಯೇ ಅಲ್ಲದಿದ್ದರೆ? ಕಾಯಿಸಿದರೂ ಕುದಿಸಿದರೂ ಜಗ್ಗದ, ಬಣ್ಣ, ವಾಸನೆ, ರುಚಿ ಯಾವುದರಿಂದಲೂ ಪತ್ತೆಯಾಗದ ರಾಸಾಯನಿಕವಾಗಿದ್ದರೆ? ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರ ಇಂಥದೊಂದು ಕಷ್ಟಕ್ಕೆ ಸಿಕ್ಕಿಕೊಂಡಿದೆ. ಅಲ್ಲಿನ ಅಂತರ್ಜಲಕ್ಕೆ ಸೇರಿರುವುದು ‘ಪಿಫಾಸ್’ ಎಂಬ ರಾಸಾಯನಿಕಗಳ ಗುಂಪು. ಇವು ಸುಲಭಕ್ಕೆ ನಾಶವಾಗುವುದಿಲ್ಲವಾದ್ದರಿಂದ ‘ಅಳಿಯದ ರಾಸಾಯನಿಕಗಳು’ ಎಂಬ ಹೆಸರು ಬಂದಿದೆ. ಇವು ನೀರಿಗೆ ಹೇಗೆ ಸೇರಿದವು, ದೇಹದಲ್ಲಿ ಏನು ಮಾಡುತ್ತವೆ, ಎಚ್ಚರಿಕೆ ಹೇಗೆ ಎಂಬುದನ್ನು ಈ ವಾರ ತಿಳಿಯೋಣ.

ಬಾವಿಗಳನ್ನೇ ನಂಬಿದ ಊರು

ಟೂಸಾನ್ ಇರುವುದು ಸೊನೋರಾ ಮರುಭೂಮಿಯಲ್ಲಿ. ವರ್ಷಕ್ಕೆ ಬೀಳುವ ಮಳೆ ಸುಮಾರು 11 ಅಂಗುಲ ಮಾತ್ರ. ಊರಿನ ಪಕ್ಕದ ಸಾಂತಾ ಕ್ರೂಸ್ ನದಿ ಹೆಸರಿಗೆ ನದಿ. 20ನೇ ಶತಮಾನದಲ್ಲಿ ಬಾವಿಗಳು ನೆಲದ ನೀರನ್ನೆಲ್ಲ ಎಳೆದುಕೊಂಡ ಮೇಲೆ ಅದರ ಪಾತ್ರ ವರ್ಷದ ಬಹುಪಾಲು ಒಣ ಮರಳಾಯಿತು. ದಶಕಗಳ ಕಾಲ ಇಡೀ ನಗರ ಕುಡಿದದ್ದು ಅಂತರ್ಜಲವನ್ನೇ.

ಬಾವಿಗಳ ಮಟ್ಟ ಇಳಿಯುತ್ತಾ ಹೋದಾಗ ಕೊಲರಾಡೋ ನದಿಯ ನೀರನ್ನು ಸುಮಾರು 540 ಕಿಲೋಮೀಟರ್ ಉದ್ದದ ಕಾಲುವೆಯಲ್ಲಿ ಮರುಭೂಮಿಗೆ ತರಲಾಯಿತು. 1992ರಲ್ಲಿ ಆ ನೀರನ್ನು ನೇರವಾಗಿ ಮನೆಗಳಿಗೆ ಬಿಟ್ಟಾಗ ಹಳೆಯ ಕೊಳವೆಗಳ ತುಕ್ಕು ಕಿತ್ತು ಬಂದು, ನಲ್ಲಿಯಲ್ಲಿ ಕಂದು ನೀರು ಸುರಿಯಿತು. ಜನ ರೊಚ್ಚಿಗೆದ್ದರು. 1994ರಲ್ಲಿ ಆ ಪ್ರಯತ್ನ ನಿಂತಿತು. 2001ರಿಂದ ಬೇರೆ ದಾರಿ ಹಿಡಿದರು. ನದಿಯ ನೀರನ್ನು ಊರಿನ ಪಶ್ಚಿಮದ ಆವ್ರಾ ಕಣಿವೆಯ ದೊಡ್ಡ ಇಂಗುಕೊಳಗಳಿಗೆ ತುಂಬಿ, ನೆಲಕ್ಕೆ ಇಂಗಿಸಿ, ಅಲ್ಲಿನ ಅಂತರ್ಜಲದೊಡನೆ ಬೆರೆತ ನೀರನ್ನು ಮತ್ತೆ ಮೇಲೆತ್ತಿ ಊರಿಗೆ ಕೊಡುವ ಕ್ರಮ ಅದು. ಹೀಗಾಗಿ ನಗರದ ನೆಲದಡಿಯಿರುವ ನೀರು ಬರಗಾಲಕ್ಕೆಂದು ಕೂಡಿಟ್ಟ ಉಳಿತಾಯದ ಹಣವಿದ್ದಂತೆ. ಕೆಟ್ಟಿರುವುದು ಈ ಉಳಿತಾಯದ ಒಂದು ಭಾಗ.

ಒಂದೇ ಬಡಾವಣೆಗೆ ಎರಡು ಪೆಟ್ಟು

ನಗರದ ದಕ್ಷಿಣ ಭಾಗದಲ್ಲಿ ವಿಮಾನ ನಿಲ್ದಾಣವಿದೆ. 1950ರ ದಶಕದಿಂದ ಅದರ ಸುತ್ತ ವಿಮಾನ ಮತ್ತು ರಕ್ಷಣಾ ಸಾಮಗ್ರಿಯ ಕಾರ್ಖಾನೆಗಳು ನಡೆದವು. ಲೋಹದ ಭಾಗಗಳ ಜಿಡ್ಡು ತೆಗೆಯಲು ಬಳಸಿದ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ಹೊಂಡ, ಚರಂಡಿಗಳ ಮೂಲಕ ನೆಲಕ್ಕೆ ಇಂಗಿತು. 1981ರಲ್ಲಿ ಅದು ಕುಡಿಯುವ ನೀರಿನ ಬಾವಿಗಳಲ್ಲಿ ಪತ್ತೆಯಾಯಿತು. ಮೆಕ್ಸಿಕನ್ ಮೂಲದ ದುಡಿಯುವ ಕುಟುಂಬಗಳೇ ಹೆಚ್ಚಾಗಿದ್ದ ಬಡಾವಣೆಗಳು ಅವು. 1983ರಲ್ಲಿ ಅಮೆರಿಕ ಸರ್ಕಾರ ಈ ಪ್ರದೇಶವನ್ನು ತುರ್ತಾಗಿ ಶುದ್ಧಗೊಳಿಸಬೇಕಾದ ವಿಷತ್ಯಾಜ್ಯ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. 1994ರಲ್ಲಿ ಕೆಟ್ಟ ನೀರನ್ನು ಮೇಲೆತ್ತಿ, ದ್ರಾವಕ ತೆಗೆದು, ಶುದ್ಧ ನೀರನ್ನು ಮನೆಗಳಿಗೆ ಕೊಡುವ ಘಟಕ ಆರಂಭವಾಯಿತು. ಡೈಆಕ್ಸೇನ್ ಎಂಬ ಮತ್ತೊಂದು ರಾಸಾಯನಿಕವೂ ಅಲ್ಲಿದ್ದುದರಿಂದ, ಅದನ್ನು ಒಡೆಯುವ ಹೊಸ ಘಟಕವನ್ನು 2014ರಲ್ಲಿ ಜೋಡಿಸಿದರು. ಸುಮಾರು 60 ಸಾವಿರ ಜನರಿಗೆ ಇಲ್ಲಿಂದ ನೀರು ಹೋಗುತ್ತಿತ್ತು.

ಅಷ್ಟರಲ್ಲಿ ಎರಡನೆಯ ಪೆಟ್ಟು ಬಿತ್ತು. ಘಟಕಕ್ಕೆ ಬರುತ್ತಿದ್ದ ನೀರಿನಲ್ಲಿ ಪಿಫಾಸ್ ಇರುವುದು ತಿಳಿಯಿತು. ಘಟಕವನ್ನು ಕಟ್ಟಿದ್ದು ಬೇರೆ ರಾಸಾಯನಿಕಗಳಿಗಾಗಿ. ಪಿಫಾಸನ್ನು ಅದು ಒಡೆಯಲಾರದು. ಅಲ್ಲಿದ್ದ ಇದ್ದಿಲಿನ ಸೋಸುಗಗಳು ಒಂದಷ್ಟು ಕಾಲ ಅದನ್ನು ಹಿಡಿದಿಟ್ಟುಕೊಂಡವು. ಒಳಬರುವ ಪ್ರಮಾಣ ಏರುತ್ತಲೇ ಹೋದಾಗ 2021ರ ಜೂನ್‌ನಲ್ಲಿ ನಗರಾಡಳಿತ ಇಲ್ಲಿಂದ ಕುಡಿಯುವ ನೀರು ಪೂರೈಸುವುದನ್ನೇ ನಿಲ್ಲಿಸಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೊಲರಾಡೋ ನದಿಯ ಚರಿತ್ರೆಯಲ್ಲೇ ಮೊದಲ ಬಾರಿಗೆ ಅಧಿಕೃತವಾಗಿ ನೀರಿನ ಕೊರತೆ ಘೋಷಣೆಯಾಯಿತು. ನದಿಯೂ ಕ್ಷೀಣಿಸಿದೆ, ಬಾವಿಯೂ ಕೆಟ್ಟಿದೆ ಎಂಬ ಸ್ಥಿತಿ.

ಬೆಂಕಿ ಆರಿಸುವ ನೊರೆಯಿಂದ ಬಂದದ್ದು

ಉರಿಯುವ ಪೆಟ್ರೋಲಿನ ಮೇಲೆ ನೀರು ಸುರಿದರೆ ಬೆಂಕಿ ಆರುವುದಿಲ್ಲ. ಪೆಟ್ರೋಲು ನೀರಿನ ಮೇಲೆ ತೇಲಿ, ಬೆಂಕಿ ಇನ್ನಷ್ಟು ಹರಡುತ್ತದೆ. ಆದ್ದರಿಂದ ವಿಮಾನದ ಬೆಂಕಿಗೆ ಒಂದು ವಿಶೇಷ ನೊರೆ ಬೇಕಾಗುತ್ತದೆ. ಅದು ಇಂಧನದ ಮೇಲೆ ತೆಳುವಾದ ಪೊರೆಯಂತೆ ಹರಡಿ ಗಾಳಿ ತಾಗದಂತೆ ತಡೆಯುತ್ತದೆ. 1960ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧಕರು ಇಂಥ ನೊರೆಯನ್ನು ರೂಪಿಸಿದರು. ಅದರ ಶಕ್ತಿಯ ಗುಟ್ಟು ಪಿಫಾಸ್.

ಈ ನೊರೆ ಎಷ್ಟೋ ಜೀವಗಳನ್ನು ಉಳಿಸಿರುವುದು ನಿಜ. ಆದರೆ ನಿಜವಾದ ಅಪಘಾತಗಳಲ್ಲಿ ಮಾತ್ರ ಅದನ್ನು ಬಳಸಲಿಲ್ಲ. ಅಭ್ಯಾಸಕ್ಕೆಂದು ಹೊಂಡಗಳಲ್ಲಿ ಇಂಧನ ಸುರಿದು, ಬೆಂಕಿ ಹಚ್ಚಿ, ನೊರೆ ಎರಚಿ ಆರಿಸುವುದು ವಾಯುನೆಲೆಗಳ ವಾಡಿಕೆಯಾಗಿತ್ತು. ಟೂಸಾನ್‌ನಲ್ಲಿ ಡೇವಿಸ್-ಮಾಂಥನ್ ವಾಯುನೆಲೆಯೂ, ವಿಮಾನ ನಿಲ್ದಾಣಕ್ಕೆ ಹೊಂದಿಕೊಂಡ ಏರ್ ನ್ಯಾಷನಲ್ ಗಾರ್ಡ್ ನೆಲೆಯೂ ಇವೆ. ದಶಕಗಳ ಕಾಲ ಎರಚಿದ ನೊರೆ ಕಣ್ಣಿಗೆ ಕಾಣದಂತೆ ಕರಗಿತು. ಅದರೊಳಗಿನ ರಾಸಾಯನಿಕ ಮಣ್ಣಿನೊಳಗೆ ಇಳಿಯಿತು. ಪಿಫಾಸ್ ನೀರಿನಲ್ಲಿ ಕರಗುತ್ತದೆ, ಅಂತರ್ಜಲ ಹರಿದತ್ತ ತಾನೂ ಹರಿಯುತ್ತದೆ. ಹೀಗೆ ಅದು ನೆಲೆಗಳ ಬೇಲಿ ದಾಟಿ ಊರಿನ ಬಾವಿಗಳನ್ನು ಮುಟ್ಟಿತು. ಸುಡುವ ಬೆಂಕಿಯನ್ನು ಆರಿಸಲು ತಂದದ್ದು ಕುಡಿಯುವ ಬಾವಿಯನ್ನು ಕೆಡಿಸಿತು.

ಯಾಕೆ ಅಳಿಯುವುದಿಲ್ಲ?

ಎಲೆ, ಸಗಣಿ, ಎಣ್ಣೆ ಮುಂತಾದವು ಮಣ್ಣಿಗೆ ಬಿದ್ದರೆ ಕೆಲಕಾಲದಲ್ಲೇ ಕೊಳೆತು ಮಣ್ಣಾಗುತ್ತವೆ. ಮಣ್ಣಿನ ಸೂಕ್ಷ್ಮಜೀವಿಗಳು ಅವುಗಳ ಇಂಗಾಲದ ಸರಪಳಿಯನ್ನು ಮುರಿದು ತಿನ್ನುತ್ತವೆ. ಪಿಫಾಸ್‌ನಲ್ಲೂ ಇಂಗಾಲದ ಸರಪಳಿ ಇದೆ. ಆದರೆ ಅದರ ಸುತ್ತ ಫ್ಲೋರಿನ್ ಪರಮಾಣುಗಳು ಕವಚದಂತೆ ಅಂಟಿಕೊಂಡಿವೆ. ಇಂಗಾಲ ಮತ್ತು ಫ್ಲೋರಿನ್ ನಡುವಿನ ಬಂಧ ರಸಾಯನ ಶಾಸ್ತ್ರದ ಅತ್ಯಂತ ಬಲವಾದ ಬಂಧಗಳಲ್ಲಿ ಒಂದು. ಬಿಸಿಲು, ಸೂಕ್ಷ್ಮಜೀವಿ, ನಮ್ಮ ದೇಹದ ಕಿಣ್ವ ಯಾವುದೂ ಅದನ್ನು ಮುರಿಯಲಾರದು.

ಈ ಗಟ್ಟಿತನಕ್ಕಾಗಿಯೇ ಮನುಷ್ಯ ಅದನ್ನು ಬಯಸಿದ. ದೋಸೆ ಅಂಟದ ಕಾವಲಿ, ನೀರು ಹೀರದ ಬಟ್ಟೆ, ಕಲೆ ಹಿಡಿಯದ ಜಮಖಾನೆ, ಜಿಡ್ಡು ತಾಗದ ಪೊಟ್ಟಣದ ಕಾಗದ – ಹೀಗೆ ನೂರಾರು ಬಳಕೆ. ಈ ಗುಂಪಿನಲ್ಲಿ ಸಾವಿರಾರು ರಾಸಾಯನಿಕಗಳಿವೆ. ಆರೋಗ್ಯದ ದೃಷ್ಟಿಯಿಂದ ಹೆಚ್ಚು ಅಧ್ಯಯನವಾಗಿರುವುದು ಪಿಎಫ್‌ಓಎ ಮತ್ತು ಪಿಎಫ್‌ಓಎಸ್ ಎಂಬ ಎರಡು.

ದೇಹದೊಳಗೆ ಏನಾಗುತ್ತದೆ?

ನೀರಿನೊಂದಿಗೆ ಒಳಹೋದ ಈ ರಾಸಾಯನಿಕಗಳು ಕರುಳಿನಿಂದ ರಕ್ತಕ್ಕೆ ಸೇರುತ್ತವೆ. ಕೀಟನಾಶಕ ಡಿಡಿಟಿ ಕೊಬ್ಬಿನಲ್ಲಿ ಕೂಡಿಕೊಳ್ಳುವುದನ್ನು ನೀವು ಕೇಳಿರಬಹುದು. ಪಿಫಾಸ್ ಹಾಗಲ್ಲ. ಅದು ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಸುತ್ತುತ್ತದೆ, ಯಕೃತ್ತಿನಲ್ಲಿ ಸೇರಿಕೊಳ್ಳುತ್ತದೆ. ಮೂತ್ರಪಿಂಡ ಅದನ್ನು ಹೊರಹಾಕಲು ಹೋಗಿ, ಬಹುಪಾಲನ್ನು ಮತ್ತೆ ರಕ್ತಕ್ಕೇ ಹೀರಿಕೊಳ್ಳುತ್ತದೆ. ಆದ್ದರಿಂದ ದೇಹದಲ್ಲಿರುವ ಪ್ರಮಾಣ ಅರ್ಧಕ್ಕಿಳಿಯಲು ತಿಂಗಳುಗಳಲ್ಲ, ವರ್ಷಗಳೇ ಬೇಕು.

ಒಂದು ಲೆಕ್ಕ ನೋಡಿ. ಅರ್ಧವಾಗಲು 3 ವರ್ಷ ಬೇಕೆಂದುಕೊಳ್ಳೋಣ. ಇಂದು ರಕ್ತದಲ್ಲಿ 100 ಪಾಲು ಇದ್ದು, ಇಂದೇ ಕೆಟ್ಟ ನೀರು ನಿಲ್ಲಿಸಿದರೂ 3 ವರ್ಷದ ಬಳಿಕ 50, 6 ವರ್ಷದ ಬಳಿಕ 25, 9 ವರ್ಷದ ಬಳಿಕ 12.5 ಪಾಲು ಉಳಿದಿರುತ್ತದೆ. ನಿಲ್ಲಿಸದಿದ್ದರೆ ದಿನದಿನದ ಹನಿ ಕೂಡುತ್ತಲೇ ಹೋಗುತ್ತದೆ. ಒಂದು ಲೋಟ ನೀರಿನಿಂದ ಯಾರೂ ಹಾಸಿಗೆ ಹಿಡಿಯುವುದಿಲ್ಲ. ಅಪಾಯವಿರುವುದು ವರ್ಷಾನುಗಟ್ಟಲೆ ಕುಡಿಯುವುದರಲ್ಲಿ.

ಇದರ ಪರಿಣಾಮಗಳ ಬಗ್ಗೆ ದೊಡ್ಡ ಅಧ್ಯಯನ ನಡೆದದ್ದು ಅಮೆರಿಕದ ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಸುತ್ತ. ಅಲ್ಲಿ ಡುಪಾಂಟ್ ಕಂಪನಿಯ ಕಾರ್ಖಾನೆಯಿಂದ ಪಿಎಫ್‌ಓಎ ಕುಡಿಯುವ ನೀರಿಗೆ ಸೇರಿತ್ತು. ಜನ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆಯ ಒಪ್ಪಂದದಂತೆ ಸುಮಾರು 69 ಸಾವಿರ ಜನರ ಆರೋಗ್ಯ ವಿವರ ಸಂಗ್ರಹಿಸಲಾಯಿತು. 2012ರ ಹೊತ್ತಿಗೆ ವಿಜ್ಞಾನಿಗಳ ಸಮಿತಿ ಆರು ತೊಂದರೆಗಳಿಗೂ ಈ ರಾಸಾಯನಿಕಕ್ಕೂ ಸಂಬಂಧವಿರುವ ಸಂಭವ ಹೆಚ್ಚೆಂದು ತೀರ್ಮಾನಿಸಿತು. ಅವು: ರಕ್ತದಲ್ಲಿ ಹೆಚ್ಚಿದ ಕೊಲೆಸ್ಟರಾಲ್, ಥೈರಾಯ್ಡ್ ಗ್ರಂಥಿಯ ಕಾಯಿಲೆ, ದೊಡ್ಡ ಕರುಳಿನ ಹುಣ್ಣಿನ ರೋಗ, ಗರ್ಭಿಣಿಯರಲ್ಲಿ ರಕ್ತದ ಏರೊತ್ತಡ, ಮೂತ್ರಪಿಂಡದ ಕ್ಯಾನ್ಸರ್ ಮತ್ತು ವೃಷಣದ ಕ್ಯಾನ್ಸರ್.

ಮಕ್ಕಳ ಬಗೆಗಿನ ಸಂಗತಿ ಇನ್ನಷ್ಟು ಗಮನಾರ್ಹ. ಉತ್ತರ ಅಟ್ಲಾಂಟಿಕ್‌ನ ಫೆರೋ ದ್ವೀಪಗಳ ಮಕ್ಕಳನ್ನು ಕುರಿತ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ರಕ್ತದಲ್ಲಿ ಪಿಫಾಸ್ ಹೆಚ್ಚಿದ್ದ ಮಕ್ಕಳಲ್ಲಿ ಧನುರ್ವಾಯು ಮತ್ತು ಗಂಟಲಮಾರಿ ಲಸಿಕೆಗಳಿಂದ ಹುಟ್ಟಬೇಕಾದ ರೋಗನಿರೋಧಕ ಶಕ್ತಿ ಕಡಿಮೆಯಾಗಿತ್ತು. ತಾಯಿಯ ರಕ್ತದಿಂದ ಮಾಸಿನ ಮೂಲಕ ಭ್ರೂಣಕ್ಕೂ, ಎದೆಹಾಲಿನ ಮೂಲಕ ಶಿಶುವಿಗೂ ಇದು ದಾಟುತ್ತದೆ. ಹುಟ್ಟುವಾಗ ಮಗುವಿನ ತೂಕ ಸ್ವಲ್ಪ ಕಡಿಮೆಯಾಗುವುದಕ್ಕೂ ಇದಕ್ಕೂ ನಂಟಿದೆ. 2023ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪಿಎಫ್‌ಓಎಯನ್ನು ‘ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕ’ ಎಂಬ ಮೊದಲ ಗುಂಪಿಗೂ, ಪಿಎಫ್‌ಓಎಸ್ ಅನ್ನು ‘ಕ್ಯಾನ್ಸರ್‌ಕಾರಕ ಇರಬಹುದು’ ಎಂಬ ಗುಂಪಿಗೂ ಸೇರಿಸಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಈ ನೀರು ಕುಡಿದವರಿಗೆಲ್ಲ ಈ ರೋಗಗಳು ಬರುತ್ತವೆ ಎಂದಲ್ಲ. ರೋಗ ಬರುವ ಸಂಭವ ಹೆಚ್ಚುತ್ತದೆ ಎಂದಷ್ಟೇ ಅರ್ಥ. ವಂಶ, ವಯಸ್ಸು, ಧೂಮಪಾನ, ಆಹಾರ ಇವುಗಳ ಪಾಲೂ ಅದರಲ್ಲಿ ಇರುತ್ತದೆ.

ಎಷ್ಟಿದ್ದರೆ ಹೆಚ್ಚು?

2016ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪಿಎಫ್‌ಓಎ, ಪಿಎಫ್‌ಓಎಸ್ ಎರಡೂ ಸೇರಿ ಲೀಟರಿಗೆ 70 ನ್ಯಾನೋಗ್ರಾಂ ಮೀರಬಾರದೆಂದು ಸಲಹೆ ನೀಡಿತ್ತು. 2024ರ ಏಪ್ರಿಲ್‌ನಲ್ಲಿ ಕಾನೂನಿನ ಮಿತಿಯನ್ನೇ ಹಾಕಿ, ಅದನ್ನು ತಲಾ 4 ನ್ಯಾನೋಗ್ರಾಂಗೆ ಇಳಿಸಿತು. ಅದೇ ಮೇ ತಿಂಗಳಲ್ಲಿ, ಟೂಸಾನ್‌ನ ಕೆಟ್ಟ ನೀರನ್ನು ಶುದ್ಧಗೊಳಿಸುವ ಯೋಜನೆ ಸಲ್ಲಿಸುವಂತೆ ವಾಯುಪಡೆಗೂ ಏರ್ ನ್ಯಾಷನಲ್ ಗಾರ್ಡ್‌ಗೂ ಆದೇಶ ಕಳುಹಿಸಿತು. 2025ರ ಮೇ ತಿಂಗಳಲ್ಲಿ ಈ ಎರಡು ರಾಸಾಯನಿಕಗಳ ಮಿತಿಯನ್ನು ಉಳಿಸಿಕೊಂಡು, ಜಾರಿಯ ಗಡುವನ್ನು 2029ರಿಂದ 2031ಕ್ಕೆ ಮುಂದೂಡುವುದಾಗಿ ಪ್ರಕಟಿಸಿತು.

4 ನ್ಯಾನೋಗ್ರಾಂ ಎಂದರೆ ಎಷ್ಟು? ಲೀಟರಿಗೆ ಒಂದು ನ್ಯಾನೋಗ್ರಾಂ ಎಂದರೆ ಒಂದು ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು. ಕಾಲದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 32 ಸಾವಿರ ವರ್ಷಗಳಲ್ಲಿ ಒಂದು ಸೆಕೆಂಡು! ಇಷ್ಟು ಸಣ್ಣ ಪ್ರಮಾಣವನ್ನು ನಾಲಿಗೆ, ಮೂಗು, ಕಣ್ಣುಗಳಿಂದ ತಿಳಿಯುವುದು ಅಸಾಧ್ಯ. ವಿಶೇಷ ಪ್ರಯೋಗಾಲಯವೇ ಬೇಕು.

ಯಾವುದರಿಂದ ಹೋಗುತ್ತದೆ, ಯಾವುದರಿಂದ ಹೋಗುವುದಿಲ್ಲ?

ಕುದಿಸುವುದು, ಬಟ್ಟೆಯಲ್ಲಿ ಸೋಸುವುದು, ಪಟಕ ಹಾಕುವುದು, ಕ್ಲೋರಿನ್ ಬೆರೆಸುವುದು, ತಾಮ್ರದ ಬಿಂದಿಗೆಯಲ್ಲಿ ತುಂಬಿಡುವುದು, ಅತಿನೇರಳೆ ಕಿರಣದ ಶುದ್ಧಕ – ಇವು ಯಾವುದರಿಂದಲೂ ಪಿಫಾಸ್ ಹೋಗುವುದಿಲ್ಲ. ಕುದಿಸಿದಾಗ ನೀರು ಆವಿಯಾಗಿ ಕಡಿಮೆಯಾಗುವುದರಿಂದ, ಉಳಿದ ನೀರಿನಲ್ಲಿ ಅದರ ಸಾಂದ್ರತೆ ತುಸು ಹೆಚ್ಚುತ್ತದೆ.

ಕೆಲಸ ಮಾಡುವ ಉಪಾಯಗಳು ಮೂರು. ಒಂದು, ಸಕ್ರಿಯ ಇದ್ದಿಲು. ಇದರ ಸೂಕ್ಷ್ಮ ರಂಧ್ರಗಳ ಗೋಡೆಗೆ ಪಿಫಾಸ್ ಅಂಟಿಕೊಳ್ಳುತ್ತದೆ. ಎರಡು, ಅಯಾನು ವಿನಿಮಯ ಮಾಡುವ ರಾಳದ ಹರಳುಗಳು. ಮೂರು, ‘ಆರ್‌ಓ’ ಎಂದು ನಮಗೆ ಪರಿಚಿತವಾದ ಪೊರೆಯ ಸೋಸುವಿಕೆ. ಆದರೆ ಇದ್ದಿಲು ತುಂಬಿಕೊಂಡ ಮೇಲೆ ಸಕಾಲದಲ್ಲಿ ಬದಲಿಸದಿದ್ದರೆ ವಿಷ ಹಾಗೇ ದಾಟಿಹೋಗುತ್ತದೆ. ಆರ್‌ಓ ಯಂತ್ರ ಒಳ್ಳೆಯ ನೀರಿನ ಜೊತೆಗೆ ಸಾಕಷ್ಟು ನೀರನ್ನು ಹೊರಚೆಲ್ಲುತ್ತದೆ. ಮರುಭೂಮಿಯ ಊರಿಗೆ ಅದೂ ಒಂದು ನಷ್ಟವೇ.

ಇನ್ನೂ ಒಂದು ತೊಡಕಿದೆ. ಈ ಮೂರೂ ವಿಧಾನಗಳು ವಿಷವನ್ನು ನಾಶಮಾಡುವುದಿಲ್ಲ. ನೀರಿನಿಂದ ಬೇರೆ ಕಡೆಗೆ ಸಾಗಿಸುತ್ತವೆ, ಅಷ್ಟೆ. ವಿಷ ತುಂಬಿದ ಇದ್ದಿಲನ್ನು ಕಂಡಕಂಡಲ್ಲಿ ಎಸೆದರೆ ಅದು ಮತ್ತೆ ನೆಲಕ್ಕೇ ಇಳಿಯುತ್ತದೆ. ಆದ್ದರಿಂದ ನಿಜವಾದ ಮದ್ದು ಇರುವುದು ನಲ್ಲಿಯ ಬಾಯಲ್ಲಲ್ಲ, ವಿಷ ಸೇರುವ ಜಾಗದಲ್ಲಿ. ಫ್ಲೋರಿನ್ ಇಲ್ಲದ ಅಗ್ನಿಶಾಮಕ ನೊರೆಗಳು ಈಗ ಬಂದಿವೆ. ಅವುಗಳಿಗೆ ಅಮೆರಿಕದ ರಕ್ಷಣಾ ಇಲಾಖೆ 2023ರಲ್ಲಿ ಮಾನದಂಡವನ್ನೂ ಪ್ರಕಟಿಸಿತು. ಪಿಎಫ್‌ಓಎಸ್ 2009ರಲ್ಲಿ, ಪಿಎಫ್‌ಓಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿವೆ.

ಕೆಲವು ಪ್ರಶ್ನೆಗಳು

ನಮ್ಮ ಬೋರ್‌ವೆಲ್‌ಗಳ ಫ್ಲೋರೈಡೂ ಇದೂ ಒಂದೇ ಅಲ್ಲವೇ?

ಅಲ್ಲ. ಪಾವಗಡ, ಕೋಲಾರದ ಕಡೆ ಹಲ್ಲು ಮೂಳೆಗಳನ್ನು ಕೆಡಿಸುವ ಫ್ಲೋರೈಡ್ ಬಂಡೆಗಳಿಂದ ಸಹಜವಾಗಿ ಕರಗಿ ಬರುವ ಲವಣ. ಪಿಫಾಸ್ ಕಾರ್ಖಾನೆಯಲ್ಲಿ ಮನುಷ್ಯ ತಯಾರಿಸಿದ್ದು. ಫ್ಲೋರೈಡಿಗೆ ನಮ್ಮಲ್ಲಿನ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ಎಂದರೆ 15 ಲಕ್ಷ ನ್ಯಾನೋಗ್ರಾಂ. ಪಿಎಫ್‌ಓಎಗೆ ಅಮೆರಿಕದ ಮಿತಿ ಬರೀ 4 ನ್ಯಾನೋಗ್ರಾಂ. ಫ್ಲೋರೈಡ್ ಪರೀಕ್ಷೆಯಲ್ಲಿ ನೀರು ‘ಪಾಸ್’ ಆಯಿತೆಂದರೆ ಪಿಫಾಸ್ ಇಲ್ಲವೆಂದು ಅರ್ಥವಲ್ಲ.

ನಮ್ಮ ಮಗಳು ಟೂಸಾನ್‌ನಲ್ಲಿ ಓದುತ್ತಿದ್ದಾಳೆ. ಅಲ್ಲಿನ ನೀರು ಕುಡಿಯಬಹುದೇ?

ಹೆದರಬೇಕಾಗಿಲ್ಲ. ಪಿಫಾಸ್ ಹೆಚ್ಚಾಗಿರುವ ಬಾವಿಗಳನ್ನು ಅಲ್ಲಿನ ನೀರಿನ ಇಲಾಖೆ ಬಳಕೆಯಿಂದ ತೆಗೆದಿದೆ. ಊರಿಗೆ ಹೆಚ್ಚಾಗಿ ಬರುವುದು ಇಂಗಿಸಿ ತೆಗೆದ ನದಿಯ ನೀರು. ಅಮೆರಿಕದಲ್ಲಿ ಪ್ರತಿಯೊಂದು ಊರಿನ ನೀರು ಸರಬರಾಜು ಸಂಸ್ಥೆಯೂ ವರ್ಷಕ್ಕೊಮ್ಮೆ ಗುಣಮಟ್ಟದ ವರದಿ ಕೊಡಬೇಕೆಂಬ ಕಾನೂನಿದೆ. ಅದನ್ನು ಓದಲು ಹೇಳಿ. ಆದರೆ ಊರಹೊರಗಿನ ಮನೆಯ ಸ್ವಂತ ಬಾವಿಯ ನೀರಾದರೆ ಪರೀಕ್ಷೆ ಮನೆಯವರದೇ ಹೊಣೆ.

ಇಂಥ ನೀರಿನಲ್ಲಿ ಸ್ನಾನ ಮಾಡಬಹುದೇ?

ಮಾಡಬಹುದು. ಚರ್ಮದ ಮೂಲಕ ಒಳಹೋಗುವುದು ತೀರಾ ಕಡಿಮೆ. ಬಟ್ಟೆ, ಪಾತ್ರೆ ತೊಳೆಯಲೂ ಅಡ್ಡಿಯಿಲ್ಲ. ಕುಡಿಯುವ, ಅಡುಗೆ ಮಾಡುವ ನೀರಿನ ಬಗ್ಗೆ ಎಚ್ಚರಿಕೆ ಸಾಕು.

ಎದೆಹಾಲು ನಿಲ್ಲಿಸಬೇಕೇ?

ಬೇಡ. ಎದೆಹಾಲಿನ ಪ್ರಯೋಜನ ಈ ಅಪಾಯಕ್ಕಿಂತ ದೊಡ್ಡದು ಎಂಬುದೇ ತಜ್ಞರ ಅಭಿಪ್ರಾಯ. ತಾಯಿ ತಾನು ಕುಡಿಯುವ ನೀರನ್ನು ಸರಿಪಡಿಸಿಕೊಳ್ಳಲಿ. ಮಗುವಿಗೆ ಪುಡಿಹಾಲು ಕಲಸುವುದಾದರೆ ಪಿಫಾಸ್ ತೆಗೆದ ನೀರನ್ನೇ ಬಳಸಿ, ಅದನ್ನು ಕುದಿಸಿ ಆರಿಸಿಕೊಳ್ಳಬೇಕು. ತೂಕಕ್ಕೆ ಹೋಲಿಸಿದರೆ ಮಗು ಕುಡಿಯುವ ನೀರು ದೊಡ್ಡವರದಕ್ಕಿಂತ ಹೆಚ್ಚು.

ರಕ್ತ ಪರೀಕ್ಷೆ ಮಾಡಿಸಬೇಕೇ?

ಎಲ್ಲರಿಗೂ ಬೇಕಿಲ್ಲ. ಪರೀಕ್ಷೆ ರಕ್ತದಲ್ಲಿ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ರೋಗವಿದೆಯೇ ಎಂದಲ್ಲ. ಕೆಟ್ಟ ನೀರನ್ನು ವರ್ಷಗಟ್ಟಲೆ ಕುಡಿದವರು ವೈದ್ಯರ ಸಲಹೆಯಂತೆ ಮಾಡಿಸಬಹುದು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2022ರ ವರದಿಯ ಪ್ರಕಾರ ಮಿಲಿಲೀಟರಿಗೆ ಒಟ್ಟು 2 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ತೊಂದರೆ ನಿರೀಕ್ಷಿಸಬೇಕಿಲ್ಲ. 2ರಿಂದ 20ರ ನಡುವೆ ಇದ್ದರೆ ಕೊಲೆಸ್ಟರಾಲ್, ಗರ್ಭಿಣಿಯರಾದರೆ ರಕ್ತದೊತ್ತಡದ ಮೇಲೆ ಕಣ್ಣಿಡಬೇಕು. 20ಕ್ಕೂ ಮೀರಿದರೆ ಥೈರಾಯ್ಡ್, ಮೂತ್ರಪಿಂಡ, ವೃಷಣ, ಕರುಳುಗಳ ಬಗ್ಗೆಯೂ ವೈದ್ಯರು ಗಮನಿಸಬೇಕು.

ನೆನಪಿಡಿ

* ರೋಗಾಣುಗಳಿಗಾಗಿ ನೀರು ಕುದಿಸುವುದನ್ನು ಬಿಡಬೇಡಿ. ರಾಸಾಯನಿಕಗಳಿಗೆ ಅದು ಮದ್ದಲ್ಲ.
* ತಿಳಿಯಾದ ನೀರೆಲ್ಲ ಶುದ್ಧವಲ್ಲ. ಹೊಸ ಬಾವಿಯ ನೀರನ್ನು ಪರೀಕ್ಷಿಸಿಯೇ ಕುಡಿಯಿರಿ.
* ಶುದ್ಧಕದ ಸೋಸುಗವನ್ನು ತಯಾರಕರು ಹೇಳಿದ ಅವಧಿಗೆ ಸರಿಯಾಗಿ ಬದಲಿಸಿ.
* ಯಾವುದೇ ರಾಸಾಯನಿಕವನ್ನು ನೆಲಕ್ಕೆ, ಚರಂಡಿಗೆ, ಹಾಳು ಬಾವಿಗೆ ಸುರಿಯಬೇಡಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂದು ಮುಂದಾಲೋಚನೆ ಇಲ್ಲದವರನ್ನು ನಮ್ಮ ಹಿರಿಯರು ಹಂಗಿಸುತ್ತಿದ್ದರು. ಟೂಸಾನ್‌ನಲ್ಲಿ ಬಾವಿಗಳು ಮೊದಲೇ ಇದ್ದವು. ಬೆಂಕಿ ಆರಿಸುವ ಅವಸರದಲ್ಲಿ ನೊರೆ ಎಲ್ಲಿಗೆ ಇಳಿಯುತ್ತದೆಂದು ಯಾರೂ ಕೇಳಲಿಲ್ಲ. ನೆಲಕ್ಕೆ ಸುರಿದದ್ದು ಒಂದಲ್ಲ ಒಂದು ದಿನ ಲೋಟಕ್ಕೆ ಬರುತ್ತದೆ. ಆ ಪ್ರಶ್ನೆಯನ್ನು ಸುರಿಯುವ ಮುನ್ನವೇ ಕೇಳಿಕೊಂಡರೆ, ಮಕ್ಕಳ ಪಾಲಿನ ನೀರು ಮಕ್ಕಳಿಗೆ ಉಳಿಯುತ್ತದೆ.